ಕಾಕಾನ ಬೆಳಕಿನ ಉಪಚಾರ

‘ಆಂವಾ ದವಾಖಾನಿ ಮೆಟ್ಟಲಾ ಹತ್ತೂದು ಆಗದ ಮಾತು,’ ಎಂದವಳು ನನ್ನ ಅಜ್ಜಿ, ಅಂದರೆ ಕಾಕಾನನ್ನು ಹೆತ್ತವಳೇ! ಹೆತ್ತವಳೇ ಹೀಗಂದ ಮೇಲೆ ಇಚಲಕರಂಜಿಯ ಶಹಾಪುರದಲ್ಲಿ ಬೇರೆ ಯಾರು ಪಂತ ಕಟ್ಟಿಯಾರು?

ನಮ್ಮ ಕಾಕಾ ಒಂಟೆಯ ತಳಿ. ಎಲ್ಲಿಗೆ ಹೋದರೂ ನೀರು ಬೇಡ, ಚಹಾ ಬೇಡ, ಮಜ್ಜಿಗೆಯಂತೂ ಬೇಡವೇ ಬೇಡ. ಗಡಹಿಂಗ್ಲಜದ ಅವನ ಮಾವ ಇದನ್ನು ಅವಮಾನವೆಂದೇ ತಿಳಿದು, ‘ಅಳಿಯಂದ್ರ, ನಮ್ಮ ಬಾವ್ಯಾಗ ವಿಷ ಐತೇನ್ರಿ?’ ಎಂದರೆ, ‘ನೀರ ಛಲೋ ಅದಾವ್ರಿ, ಹೊಟ್ಟಿ ನಂದ ಸಣ್ಣದ,’ ಎಂದು ಕೈಮುಗಿದ! ವರ್ಷಗಳಿಂದ ಮಲಗುವುದು ಮನೆಯಲ್ಲಲ್ಲ, ಮಗ್ಗದ ಶೆಡ್ಡಿನಲ್ಲಿ. ‘ಖಡಖಡ ಸಪ್ಪಳಿಲ್ಲಂದ್ರ ನಿದ್ದಿ ಹತ್ತೂದಿಲ್ಲ’ ಎಂಬ ಸಬೂಬು. ನಾವೆಲ್ಲ ನಕ್ಕೆವು. ಅವನ ಹೆಂಡತಿ, ನಮ್ಮ ಕಾಕು, ನಗಲಿಲ್ಲ. ನಿನ್ನ ಗಂಡ ಹೊರಗಿನಿಂದ ಏನೋ ರೋಗ ತಂದಿದ್ದಾನೆ ಎಂದು ಯಾರೋ ಅವಳ ಕಿವಿಯೂದಿದರು. ಅವಳು ತವರಿಗೆ ಹೋದಳು.

ಆಮೇಲೆ ಕಾಕಾ ನನ್ನನ್ನು ಶೆಡ್ಡಿನ ಹಿಂದೆ ಕರೆದ. ನಮ್ಮ ಮನೆತನದಲ್ಲಿ ಡಿಗ್ರಿ ಪಡೆದ ಮೊದಲಿಗ ನಾನು. ಕಷ್ಟಪಟ್ಟೇ ಪಡೆದದ್ದು, ಹೇಳಿಕೊಳ್ಳಲು ಸಂಕೋಚವಿಲ್ಲ. ‘ಕಲತಾಂವ ನೀ, ನಿನಗ ನಾಚಿಕಿ ಇರಬಾರದು,’ ಎಂದು ತನ್ನ ನಾಚಿಕೆಯನ್ನೆಲ್ಲ ನನ್ನ ತಲೆಗೆ ಕಟ್ಟಿದ! ಗುಪ್ತಾಂಗದ ತುದಿಯ ಚರ್ಮ ಬೆಳ್ಳಗಾಗಿ, ಬಿಗಿದು, ಸೀಳುತ್ತಿತ್ತಂತೆ. ಮೂತ್ರಕ್ಕೆ ಹೋದರೆ ಬೆಂಕಿ. ನೀರು ಬಿಟ್ಟದ್ದು ಅದಕ್ಕೆ. ಶೆಡ್ಡು ಸೇರಿದ್ದೂ ಅದಕ್ಕೇ.

ಹೇಗೋ ಒಪ್ಪಿಸಿ ಕೊಲ್ಹಾಪುರಕ್ಕೆ ಕರೆದೊಯ್ದೆ. ಅಲ್ಲಿನ ಚರ್ಮರೋಗದ ಡಾಕ್ಟರು ಮೊದಲು ಮುಲಾಮು ಕೊಟ್ಟರು. ಅದಕ್ಕೆ ಮಣಿಯದಿದ್ದಾಗ ಬೆಳಕಿನ ಚಿಕಿತ್ಸೆ ಮಾಡಿ ನೋಡೋಣವೆಂದರು: ಔಷಧಿ ಸವರಿ, ಕೆಲಹೊತ್ತು ಕಾದು, ಅದರ ಮೇಲೆ ಕೆಂಪು ಬೆಳಕು. ದೀಪ ಹೊತ್ತಿದ್ದೇ ತಡ, ‘ಗ್ವಾಡಿ ಕಡೆ ಮಾರಿ ಮಾಡ! ಎಷ್ಟ ಕಲತ್ರೂ ನೀ ನಮ್ಮಣ್ಣನ ಮಗಾನ!’ ಎಂದು ಕಾಕಾ ನನ್ನನ್ನು ಗದರಿದ. ಡಾಕ್ಟರೂ ನಕ್ಕರು. ಗೋಡೆ ನೋಡುತ್ತ ನಿಂತ ನನಗೆ ಅವನು ಹಲ್ಲು ಕಚ್ಚಿ ನರಳುವುದು ಕೇಳಿಸಿತು.

ಕೆಲವು ಸಲ ಹೋಗಿಬಂದ ಮೇಲೆ ಉರಿ ಇಳಿಯಿತು. ಪೂರ್ತಿ ಹೋಗುವುದೆಂದು ಹೇಳಲಾರೆ, ತೋರಿಸುತ್ತಲೇ ಇರಬೇಕು ಎಂದರು ಡಾಕ್ಟರು. ಕಾಕಾ ಕೇಳಿದ್ದು ಒಂದೇ: ‘ಇದು ಅಂಟೂ ಬ್ಯಾನಿ ಅಲ್ಲ, ಹೊರಗಿಂದ ತಂದದ್ದಲ್ಲ ಅಂತ ಬರದ ಕೊಡ್ರಿ ಸಾಹೇಬ್ರ. ಮ್ಯಾಲ ಶಿಕ್ಕಾ ಹೊಡೀರಿ!’

ಆ ಕಾಗದ ಹಿಡಿದು ಕಾಕುವನ್ನು ಕರೆತರಲು ಗಡಹಿಂಗ್ಲಜದ ಬಸ್ ಸ್ಟ್ಯಾಂಡಿನವರೆಗೆ ಬಂದವನು ಅಲ್ಲೇ ನಿಂತುಬಿಟ್ಟ. ‘ನೀನ ಹೋಗಿ ಓದಿ ಹೇಳ. ನಿನ್ನ ಡಿಗ್ರಿ ಮತ್ತ್ಯಾಕೈತಿ?’

ಕಾಕುವಿನ ಕೈಗೆ ಸರ್ಟಿಫಿಕೇಟು ಕೊಟ್ಟು, ಅದರ ಇಂಗ್ಲಿಷನ್ನು ಕನ್ನಡದಲ್ಲಿ ಬಿಡಿಸಿ ಹೇಳಿ, ಕಾಕಾ ಬಸ್ ಸ್ಟ್ಯಾಂಡಿನಲ್ಲೇ ನಿಂತಿದ್ದಾನೆ ಎಂದೆ. ಅವಳು ಡಾಕ್ಟರ ಶಿಕ್ಕಾದ ಮುದ್ರೆಯ ಮೇಲೆ ಬೆರಳಾಡಿಸಿದಳು.

‘ತಮ್ಮಾ, ನಾ ಅವರ ಹೇಂತಿ, ಕಚೇರಿ ಅಲ್ಲ. ಬ್ಯಾನಿ ಅದ ಅಂತ ಒಂದ ಮಾತ ಬಾಯಿಲೆ ಹೇಳಬಾರದಿತ್ತ? ನಾ ಛಂದಿಲ್ಲಂತ ದೂರ ಮಕ್ಕೋತಾರ ಅಂದ್ಕೊಂಡ, ಇಷ್ಟ ವರ್ಷ ಕನ್ನಡೀನ ನೋಡಿಲ್ಲ ನಾ... ಹೋಗು, ಕರಕೊಂಡ ಬಾ. ಬಿಸಲಾಗ ನಿಂತಾರು.’