ಅಪ್ಪೆಮಿಡಿ ರಸದಲ್ಲಿ ಒಂದು ನೊಣ

ಲೋಕದಲ್ಲಿ ಹೆಸರು ಉಳಿಸುವುದು ಇಷ್ಟು ಸುಲಭವೆಂದು ನನಗೆ ತೋರಿಸಿಕೊಟ್ಟದ್ದು ಒಂದು ನೊಣ!

ಹೊಸನಗರದಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ಚಿಟ್ಟೆಯಾಗಲಿ ಎಂದು ಕರಿಬೇವಿನ ಗಿಡದ ಹುಳುವೊಂದನ್ನು ಬಾಟ್ಲಿಯಲ್ಲಿ ಸಾಕಿದ್ದೆ. ಕೊನೆಗೆ ಬಾಟ್ಲಿಯಲ್ಲಿ ಕಂಡದ್ದು ಚಿಟ್ಟೆಯಲ್ಲ, ಮೈತುಂಬ ಮುಳ್ಳುಗೂದಲಿನ ನೊಣ! ಫೋಟೊ ತೆಗೆದು ಶಿವಮೊಗ್ಗದ ಕೀಟಶಾಸ್ತ್ರದ ಪ್ರೊಫೆಸರೊಬ್ಬರಿಗೆ ಕಳಿಸಿದೆ. ಕೂಡಲೇ ಫೋನು ಬಂತು.

"ಇದು ಹುಳುವಿನ ಹೊಟ್ಟೆಯೊಳಗೇ ಬೆಳೆಯೋ ಪರಾವಲಂಬಿ ನೊಣ ಕಣ್ರೀ! ಈ ಕುಲದ್ದು ಈ ಕಡೆ ನಾನು ನೋಡೇ ಇಲ್ಲ. ಹೊಸ ಜಾತಿಯಾದ್ರೆ ನಿಮ್ಮ ಹೆಸರೇ ಇಡೋಣ. ಸತ್ತ ಕೂಡ್ಲೇ ಸ್ಪಿರಿಟ್‌ನಲ್ಲಿ ಹಾಕಿಡಿ. ಭಾನುವಾರ ಬರ್ತೀನಿ."

ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಸಾಗರದ ಅಕ್ಕನಿಗೆ, ತೀರ್ಥಹಳ್ಳಿಯ ಮಾವನವರಿಗೆ ಫೋನಿನಲ್ಲೇ ಸುದ್ದಿ ಸಾರಿದೆ. ಹೆಂಡತಿ ಸುಮಾ ಮಾತ್ರ ಕೆನ್ನೆ ಕೆನ್ನೆ ಬಡಿದುಕೊಂಡಳು.

"ನೊಣಕ್ಕೆ ಗಣಪತಿ ಅಂತ ಹೆಸರಾ? ದೇವ್ರು ಮೆಚ್ತಾನೇನ್ರೀ?"

ಶುಕ್ರವಾರ ನೊಣ ಸತ್ತಿತು. ಪ್ರೊಫೆಸರಿಗೆ ವರದಿ ಒಪ್ಪಿಸಿದೆ. ಇನ್ನು ಸ್ಪಿರಿಟ್ಟು. ನನಗೆ ತಿಳಿದಂತೆ ಅದು ಸಿಗುವುದು ಬಾರಿನಲ್ಲಿ. ನಾನು ಆ ಮೆಟ್ಟಿಲು ಹತ್ತಿ ಇಳಿಯುವುದರೊಳಗೆ ಮಾವನವರಿಗೆ ಸುದ್ದಿ ಮುಟ್ಟಿರುತ್ತದೆ! ಆಗ ನನ್ನ ಮಹಾಮೆದುಳು ಕೆಲಸ ಮಾಡಿತು. ಮಾವಿನ ಮಿಡಿಯನ್ನು ವರ್ಷಗಟ್ಟಲೆ ಕೆಡದಂತೆ ಕಾಯುವ ಉಪ್ಪಿನಕಾಯಿ ರಸ, ಒಂದು ನೊಣವನ್ನು ಎರಡು ದಿನ ಕಾಯಲಾರದೇ? ಸುಮಾಳ ಅಪ್ಪೆಮಿಡಿ ಜಾಡಿಯಿಂದ ರಸ ಕದ್ದು ಸಣ್ಣ ಬಾಟ್ಲಿಗೆ ತುಂಬಿದೆ. ನೊಣವನ್ನು ಸಕಲ ಸರ್ಕಾರಿ ಗೌರವಗಳೊಂದಿಗೆ ಅದರಲ್ಲಿ ಮುಳುಗಿಸಿ ಅಡುಗೆಮನೆಯ ಕಪಾಟಿನಲ್ಲಿಟ್ಟೆ. ಯಾರಿಗೂ ಹೇಳಲಿಲ್ಲ.

ಭಾನುವಾರ ಪ್ರೊಫೆಸರು ಬಂದರು. "ಊಟ ಮಾಡ್ದೆ ಯಾವ ನೊಣವೂ ಇಲ್ಲ" ಎಂದು ಸುಮಾ ಎಲೆ ಹಾಕಿದಳು. ಮಜ್ಜಿಗೆ ಅನ್ನಕ್ಕೆ ಬರುವಾಗ ಪ್ರೊಫೆಸರು ಕಣ್ಣು ಮುಚ್ಚಿ ಚಪ್ಪರಿಸಿದರು.

"ಆಹಾ, ಎಂಥಾ ಅಪ್ಪೆಮಿಡಿ ರಸ ತಾಯಿ! ಒಂದು ಕಾಳುಮೆಣಸೂ ಸಿಕ್ತು. ಚೆನ್ನಾಗಿ ನೆನೆದಿದೆ!"

ನನ್ನ ತುತ್ತು ಕೈಯಲ್ಲೇ ಉಳಿಯಿತು. ಎದ್ದು ಅಡುಗೆಮನೆಗೆ ಓಡಿದೆ.

"ಯಾವ ರಸ ಬಡಿಸ್ದೆ?"

"ನೀವೇ ತೆಗ್ದಿಟ್ಟಿದ್ರಲ್ಲ, ಸಣ್ಣ ಬಾಟ್ಲೀದು. ಈ ಥಂಡಿಯಲ್ಲಿ ಜಾಡಿ ಬಾಯಿ ಬಿಚ್ಚಿದ್ರೆ ಬೂಸ್ಟು ಬರುತ್ತೆ. ಮದುವೆಯಾದ್ಮೇಲೆ ಮೊದಲ್ನೇ ಸಲ ಒಂದು ಬುದ್ಧಿವಂತರ ಕೆಲಸ ಮಾಡಿದ್ರಿ ಮಾರಾಯ್ರೆ!"

ಪ್ರೊಫೆಸರು ಕೈತೊಳೆದು ಬಂದು ಭೂತಗನ್ನಡಿ ಹೊರತೆಗೆದರು.

"ಎಲ್ರೀ ನಮ್ಮ ನೊಣ?"

ಏನಾದರೂ ಹೇಳಲೇಬೇಕಲ್ಲ!

"ಹಾರಿ ಹೋಯ್ತು ಸಾರ್."

"ಶುಕ್ರವಾರವೇ ಸತ್ತಿದೆ ಅಂದ್ರಲ್ಲ?"

"ಹೌದು ಸಾರ್. ಸತ್ತ ಮೇಲೆ."

ಪ್ರೊಫೆಸರು ನಿಧಾನಕ್ಕೆ ಭೂತಗನ್ನಡಿ ಎತ್ತಿ ನನ್ನನ್ನೇ ನೋಡತೊಡಗಿದರು. ಹೊಸ ಜಾತಿಯೊಂದು ಸಿಕ್ಕಿತೆಂದು ಅವರಿಗೆ ಆಗ ಖಾತ್ರಿಯಾಗಿರಬೇಕು!