ಹೊಟ್ಟೆ ತುಂಬಿದ ಕೌದಿ

ಪರಿಸರಕ್ಕೆ ಒಳ್ಳೆಯದಾಗುವ ಉಡುಗೊರೆ ಕೊಡಲು ಹೊರಟವರಿಗೆ ಒಂದಲ್ಲ ಒಂದು ಫಜೀತಿ ತಪ್ಪಿದ್ದಲ್ಲ. ನಮ್ಮ ಮನೆಯವರಿಗಂತೂ ಅದು ರೂಢಿಯಾಗಿಬಿಟ್ಟಿದೆ.

ಇಳಕಲ್ಲಿನಲ್ಲಿ ನನ್ನದೊಂದು ಸೀರೆ ಅಂಗಡಿ. ಸೀರೆಗಿಂತ ಅದರ ಡಬ್ಬಿ ಹೆಚ್ಚು ಹೊಳೆಯಬೇಕು ಎಂದು ನಂಬಿ ವ್ಯಾಪಾರ ಮಾಡಿದವನು ನಾನು. ಅಂಥ ನನಗೆ ಪ್ಲಾಸ್ಟಿಕ್ ಕಂಡರೆ ಉರಿದುಬೀಳುವ ಮಗಳು ಹುಟ್ಟಿದಳು. ಬಾಗಲಕೋಟೆಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುತ್ತಾಳೆ, ಗಂಡನ ಮನೆಯೂ ಅಲ್ಲೇ. ಮದುವೆಯಾದ ಹೊಸತರಲ್ಲೇ ಅಪ್ಪಣೆ ಕೊಟ್ಟಳು: "ಅಪ್ಪಾ, ಇನ್ನ ಮುಂದ ನಮ್ಮ ಮನಿಯಿಂದ ಯಾರಿಗೆ ಏನ್ ಕೊಟ್ರೂ ಮಣ್ಣಾಗ ಕರಗೂವಂಥಾದ್ದು ಕೊಡಬೇಕು."

ಮಣ್ಣಲ್ಲಿ ಏನಾದರೂ ಕರಗಲಿ, ಬೀಗರ ಮುಂದೆ ನಮ್ಮ ಮರ್ಯಾದೆ ಕರಗದಿದ್ದರೆ ಸಾಕು ಎಂಬುದು ನನ್ನ ಹೆಂಡತಿಯ ಚಿಂತೆ. ನಮ್ಮ ಬೀಗತಿಯದು ಮಾತು ಕಡಿಮೆ, ನೋಟ ಜಾಸ್ತಿ. ತವರಿನವರು ಜಿಪುಣರು ಎಂದು ಒಮ್ಮೆ ಹೆಸರಾದರೆ ಮಗಳು ಆ ಮನೆಯಲ್ಲಿ ತಲೆ ಎತ್ತಿ ಓಡಾಡುವುದು ಹೇಗೆ? ಆ ಅಂಜಿಕೆ ನನಗೂ ಇತ್ತು.

ಬಸ್ಸು ಹತ್ತಿದ ಕರಿಬೇವು

ಬೀಗರು ನವನಗರದಲ್ಲಿ ಹೊಸ ಮನೆ ಕಟ್ಟಿಸಿದರು. ಗೃಹಪ್ರವೇಶಕ್ಕೆ ಗೋಡೆ ಗಡಿಯಾರ ಒಯ್ಯೋಣವೆಂದರೆ ಮಗಳು ಫೋನಿನಲ್ಲೇ ಗದರಿದಳು. ಕಡೆಗೆ ಮಣ್ಣಿನ ಕುಂಡದಲ್ಲಿ ಒಂದು ಕರಿಬೇವಿನ ಸಸಿ ಎಂದು ತೀರ್ಮಾನವಾಯಿತು. ಸಸಿ ಸೊಂಪಾಗಿತ್ತು. ಹೆಂಡತಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತಳು.

ಹುನಗುಂದ ಬರುವ ಮೊದಲೇ ಪಕ್ಕದ ಸೀಟಿನ ಅಜ್ಜಿ, "ಕರಿಬೇವೇನಬೇ?" ಎಂದು ಒಂದೆಲೆ ಚಿವುಟಿ, ಅಂಗೈಯಲ್ಲಿ ತಿಕ್ಕಿ ಮೂಸಿದಳು. "ಘಮ್ ಅಂತೈತಿ ನೋಡು" ಎಂದು ಹಿಂದಿನ ಸೀಟಿನವಳಿಗೂ ಒಂದೆಲೆ ಕೊಟ್ಟಳು. ಕರಿಬೇವು ಕಂಡರೆ ಒಂದೆಲೆ ಮೂಸಿ ನೋಡದ ಮನುಷ್ಯರು ನಮ್ಮ ಕಡೆ ಇನ್ನೂ ಹುಟ್ಟಿಲ್ಲ. ಯಾರೂ ಕೆಟ್ಟವರಲ್ಲ, ಎಲ್ಲರೂ ಕಿತ್ತದ್ದು ಒಂದೊಂದೇ. ಕಂಡಕ್ಟರ್ ಬಂದವನು, "ಗಿಡಕ್ಕ ಟಿಕೀಟ್ ಬ್ಯಾಡ ಬಿಡ್ರಿ" ಎಂದು ಉದಾರವಾಗಿ ಹೇಳಿ ತಾನೂ ಒಂದೆಲೆ ಕಿತ್ತುಕೊಂಡ. ಅಮೀನಗಡದಲ್ಲಿ ಹತ್ತಿದವರದು ಬೇರೆ ಸರದಿ. ಶಿರೂರು ದಾಟುವ ಹೊತ್ತಿಗೆ ಉಳಿದಿದ್ದ ತುದಿಯ ಎಲೆಗಳನ್ನು ಹೆಂಡತಿ ಸೆರಗಿನಲ್ಲಿ ಮುಚ್ಚಿಕೊಂಡಳು. ಬಾಗಲಕೋಟೆಯಲ್ಲಿ ಇಳಿಯುವ ನೂಕುನುಗ್ಗಲಿನಲ್ಲಿ ಅವೂ ಹೋದವು.

ಬೀಗತಿ ಕುಂಡವನ್ನು ಸುತ್ತಲೂ ತಿರುಗಿಸಿ ನೋಡಿದರು. "ಇದೇನ್ರಿ, ಕಟಗಿ?"

"ಕರಿಬೇವಿನ ಗಿಡಾರಿ ಅಕ್ಕಾರ" ಎಂದಳು ಹೆಂಡತಿ, ಅಳುವುದೊಂದು ಬಾಕಿ.

"ವಾಸನಿ ಚಲೋ ಇರತೈತೇನ್ರಿ?"

ನಾನು ಧೈರ್ಯ ಮಾಡಿದೆ. "ಭಾಳ ಚಲೋ ಐತ್ರಿ. ಇಡೀ ಬಸ್ಸೇ ನೋಡೈತಿ."

ತಿರುಗಿ ಬಂದ ಚೀಲಗಳು

ಮಗಳು ಬಸುರಿಯಾದಳು. ನಮ್ಮ ಮನೆಯಲ್ಲಿ ಕುಬಸ, ಅಂದರೆ ಸೀಮಂತ, ಮಾಡಿದೆವು. ಬಂದ ಹೆಣ್ಣುಮಕ್ಕಳಿಗೆ ಪ್ಲಾಸ್ಟಿಕ್ ಡಬ್ಬಿ ಹಂಚುವುದು ಓಣಿಯ ಪದ್ಧತಿ. ಮಗಳು ಕೇಳಬೇಕಲ್ಲ? ಅಂಗಡಿಯಲ್ಲಿ ಕಲೆ ಬಿದ್ದು ಮಾರಾಟವಾಗದೆ ಉಳಿದ ಸೀರೆಗಳನ್ನು ಕತ್ತರಿಸಿ ಚಂದದ ಕೈಚೀಲ ಹೊಲಿಸಿದಳು. ಒಳಗೆ ಎಲೆ-ಅಡಿಕೆ, ಬಾಳೆಹಣ್ಣು ಇಟ್ಟು ಎಲ್ಲರಿಗೂ ಕೊಟ್ಟೆವು.

ಮರುದಿನ ಎದುರು ಮನೆಯಾಕೆ ಬಂದಳು. "ನಿಮ್ಮ ಚೀಲ ತಗೋರಿ."

"ಅಯ್ಯ, ಅದನ್ನ ನಿಮಗಂತನ ಕೊಟ್ಟಿದ್ದ್ರಿ!" ಎಂದಳು ಹೆಂಡತಿ.

"ಇಷ್ಟ ಛಂದ ಚೀಲ ಯಾರರ ಕೊಟ್ಟುಬಿಡ್ತಾರೇನ್ರಿ? ಹಣ್ಣು ಒಯ್ಯಾಕ ಕೊಟ್ಟಿದ್ದು, ನಮಗ ತಿಳಿಯಂಗಿಲ್ಲೇನು?"

ಚೀಲದಲ್ಲಿ ಬದನೆಕಾಯಿ ಇದ್ದವು. ಇನ್ನೊಬ್ಬರ ಮನೆಯ ಪಾತ್ರೆ, ಚೀಲ ಖಾಲಿ ತಿರುಗಿಸಬಾರದಲ್ಲ! ಅವಳ ಹಿಂದೆಯೇ ಸಕ್ಕರೆಯ ಚೀಲ ಬಂತು, ಜೋಳದ ಚೀಲ ಬಂತು, ಮೆಂತ್ಯೆಪಲ್ಯದ ಚೀಲ ಬಂತು. ಆ ವಾರ ನಾವು ಸಂತೆಗೇ ಹೋಗಲಿಲ್ಲ.

ಕೊನೆಗೆ ಬೀಗತಿಯ ಚೀಲವೂ ಅಳಿಯನ ಕೈಯಲ್ಲಿ ಬಂತು, ತುಂಬ ಕರದಂಟು. "ಮನಸಿಗೆ ಬರಲಿಲ್ಲ ಅವರಿಗೆ, ತಿರುಗಿ ಕಳಸ್ಯಾರ ನೋಡ್ರಿ" ಎಂದು ಹೆಂಡತಿ ಮುಖ ಸಣ್ಣದು ಮಾಡಿದಳು.

"ಮನಸಿಗೆ ಬರದವರು ಇಷ್ಟ ತುಪ್ಪ ಹಾಕ್ತಾರೇನ?" ಎಂದೆ, ಬಾಯಿ ತುಂಬಿಕೊಂಡು.

ಆದರೂ ಅವಳು ರೊಟ್ಟಿಗೆ ನಂಚಿಕೊಳ್ಳುವ ಶೇಂಗಾ ಹಿಂಡಿ ತುಂಬಿ ಚೀಲವನ್ನು ಬಾಗಲಕೋಟೆಗೆ ಕಳಿಸಿದಳು. ಅದು ಉಂಡಿ ತುಂಬಿಕೊಂಡು ವಾಪಸು ಬಂತು. ಇವತ್ತಿಗೂ ಹೋಗಿಬರುತ್ತಿದೆ. ಚೀಲ ಯಾರದೆಂದು ಇನ್ನೂ ಇತ್ಯರ್ಥವಾಗಿಲ್ಲ, ಆಗುವುದು ನನಗೂ ಬೇಕಿಲ್ಲ.

ಕೌದಿಯ ಊಟ

ಮೊಮ್ಮಗಳು ಹುಟ್ಟಿದಳು. ಬಾಣಂತಿ, ಕೂಸನ್ನು ಗಂಡನ ಮನೆಗೆ ಕಳಿಸುವಾಗ ತವರಿನವರು ತೊಟ್ಟಿಲು ಕೊಡಬೇಕು. ಬ್ಯಾಟರಿ ಹಾಕಿದರೆ ತಾನೇ ತೂಗಿ ಹಾಡು ಹೇಳುವ ತೊಟ್ಟಿಲನ್ನು ನಾನು ನೋಡಿಟ್ಟಿದ್ದೆ. ಮಗಳು ಒಪ್ಪಲಿಲ್ಲ. ನಾನು ಆಡಿದ ಹಳೆಯ ಕಟ್ಟಿಗೆಯ ತೊಟ್ಟಿಲನ್ನೇ ಒರೆಸಿ, ಎಣ್ಣೆ ಹಚ್ಚಿದೆವು. ನಮ್ಮವ್ವ ತಾನು ಉಟ್ಟು ಮೆತ್ತಗಾದ ಸೀರೆಗಳನ್ನು ಸೇರಿಸಿ ಕೌದಿ ಹೊಲಿದಳು.

ಅವ್ವನದೊಂದು ಪದ್ಧತಿ ಇದೆ. ಕೌದಿಯ ಕೊನೆಯ ಮೂಲೆ ಮುಚ್ಚುವ ಮುಂಚೆ ಒಳಗೆ ನಾಲ್ಕು ಹರಳು ಸಕ್ಕರೆ ಇಡುತ್ತಾಳೆ. ಹಸಿದ ಕೌದಿ ಹೊದ್ದರೆ ಕೂಸಿಗೆ ನಿದ್ದೆ ಬರುವುದಿಲ್ಲವಂತೆ.

ನವನಗರದ ಮನೆಯಲ್ಲಿ ಬೀಗರ ಬಳಗವೆಲ್ಲ ನೆರೆದಿತ್ತು. ತೊಟ್ಟಿಲು ನೋಡುತ್ತಲೇ ಬೀಗತಿಯ ನಾದಿನಿ ದನಿ ತಗ್ಗಿಸದೆ ಹೇಳಿದರು: "ಮಂದಿ ಬ್ಯಾಟ್ರಿ ತೊಟ್ಲ ಕೊಡ್ತಾರ, ಇವರದು ಹಳೇ ತೊಟ್ಲ, ಹಳೇ ಸೀರಿ ಕೌದಿ. ಸೀರಿ ಅಂಗಡಿಯವರಂತ ಬ್ಯಾರೆ!"

ಮಗಳು ತಲೆ ತಗ್ಗಿಸಿದಳು. ಸಾಲದ್ದಕ್ಕೆ ಬೀಗತಿ ಕೌದಿ ಬಿಡಿಸಿದರೆ ಒಂದು ಮೂಲೆಗೆ ಕೆಂಪಿರುವೆ ಮುತ್ತಿವೆ! ಅವರು ಕೊಡವಿ, ಆ ಮೂಲೆಯನ್ನು ಬೆರಳಲ್ಲಿ ಒತ್ತಿ ನೋಡಿದರು.

"ಅಮ್ಮಾರ, ಇದರಾಗ ಏನ್ ಇಟ್ಟೀರಿ?"

"ಹೋಳಗಿ" ಎಂದಳು ಅವ್ವ, ಏನೂ ಆಗಿಲ್ಲವೆಂಬಂತೆ. "ಮೊದಲನೇ ಮರಿಮೊಮ್ಮಗಳು. ಸಕ್ಕರಿ ಹರಳ ಸಾಲತೈತೇನ್ರಿ? ತುಪ್ಪಾನೂ ಹಚ್ಚೇನಿ."

ನಾನು ಬಾಗಿಲು ಎಲ್ಲಿದೆಯೆಂದು ನೋಡಿದೆ. ಬೀಗತಿ ಮಾತ್ರ ಕೌದಿಯನ್ನು ಕೆನ್ನೆಗೆ ಒತ್ತಿಕೊಂಡು ನಿಂತುಬಿಟ್ಟರು. ಕಣ್ಣು ತುಂಬಿದ್ದವು. ನಾದಿನಿಯ ಕಡೆ ತಿರುಗಿದರು: "ನಮ್ಮವ್ವ ನನ್ನ ಕೌದ್ಯಾಗ ಒಣರೊಟ್ಟಿ ಚೂರು ಇಟ್ಟಿದ್ಲು. ನನ್ನ ಮೊಮ್ಮಗಳಿಗೆ ತುಪ್ಪದ ಹೋಳಗಿ ಬಂದೈತಿ. ಬ್ಯಾಟ್ರಿ ತೊಟ್ಲದಾಗ ಹೋಳಗಿ ಇರತೈತೇನ?" ಮಗಳು ಮೆಲ್ಲಗೆ ತಲೆ ಎತ್ತಿದಳು. ಆ ಕ್ಷಣ ಬೀಗತಿಗೆ ಕೈ ಮುಗಿಯಬೇಕೆನಿಸಿತು ನನಗೆ.

ಇರುವೆಯ ಕಾಟಕ್ಕೆ ಹೊಲಿಗೆ ಬಿಚ್ಚಿ ಹೋಳಿಗೆ ತೆಗೆದರು. ಅವ್ವ ಹಟ ಹಿಡಿದಳು. "ಹೊಟ್ಟಿ ಖಾಲಿ ಮಾಡಿ ಕೂಸಿಗೆ ಹೊಚ್ಚಬ್ಯಾಡ್ರಿ ಮತ್ತ!"

ಬೀಗತಿ ಅಂಗಳಕ್ಕೆ ಹೋಗಿ ಒಂದು ಎಸಳು ಕರಿಬೇವು ಹಿಡಿದು ಬಂದರು. "ನಿಮ್ಮ ಕಟಗಿ ಚಿಗತೈತ್ರಿ, ಎದಿಮಟ ಬೆಳದೈತಿ. ಇದನ್ನ ಇಡೋಣು, ಇರಿವಿ ಮುತ್ತಂಗಿಲ್ಲ" ಎಂದು ನಗುತ್ತ ಅವ್ವನ ಕೈಗೆ ಕೊಟ್ಟರು.

ಅವ್ವ ಎಸಳನ್ನು ತಿರುಗಿಸಿ ನೋಡಿ, ಒಂದೆಲೆ ಕಿತ್ತು, ಅಂಗೈಯಲ್ಲಿ ತಿಕ್ಕಿ ಮೂಸಿದಳು. "ಒಗ್ಗರಣಿ ಆತು. ಊಟಕ್ಕ ಏನ್ ಹಾಕ್ತೀರಿ?"