ಕಿವಿಗೆ ಗೆರಟೆ ಕಟ್ಟಿದ ಮಾವ

ಇಡೀ ಬಾಳೆಗುಳಿಯಲ್ಲಿ ಗಾಳಿಗೆ ಹೆದರುತ್ತಿದ್ದ ಮನುಷ್ಯ ಒಬ್ಬನೇ ಒಬ್ಬ. ಅವನ ಕಸುಬು ಗಾಳಿ ಮಾರುವುದು. ಅವನು ನನ್ನ ಸೋದರಮಾವ.

ನಗಬೇಡಿ. ನೀರಿಗೆ ಹೆದರುವ ಮೀನುಗಾರನಿಲ್ಲವೇ, ಬೆಂಕಿಗೆ ಹೆದರುವ ಅಡುಗೆಭಟ್ಟನಿಲ್ಲವೇ? ಇರಲಿಕ್ಕಿಲ್ಲ. ಇದ್ದರೂ ಗಿರಾಕಿಗಳ ಮುಂದೆ ಹೇಳಿಕೊಳ್ಳುವುದಿಲ್ಲ. ನಮ್ಮ ಮಾವ ಹೇಳಿಕೊಳ್ಳುತ್ತಿದ್ದ. ಲಾರಿಯ ಚಕ್ರ ಬಿಚ್ಚಿಸಲು ಬಂದವರನ್ನು ಮೊದಲು ಬೆಂಚಿನ ಮೇಲೆ ಕೂರಿಸಿ, ಕಂಪ್ರೆಸರಿನ ಟಾಂಕಿಯತ್ತ ಬೆರಳು ಮಾಡಿ, ಒಳಗೆ ಕೂತಿರುವುದು ಎಂಥ ಆಸಾಮಿ ಎಂದು ವಿವರಿಸುತ್ತಿದ್ದ. ಹೊರಗಿದ್ದಾಗ ಅದು ತೆಂಗಿನ ಗರಿ ಅಲ್ಲಾಡಿಸುತ್ತದೆ, ಒಣಹಾಕಿದ ಬಟ್ಟೆ ಹಾರಿಸುತ್ತದೆ, ಅಷ್ಟೇ. ಹಿಡಿದು ತುರುಕಿದರೆ ಮಾತ್ರ ಅದಕ್ಕೆ ಸಿಟ್ಟು ಬರುತ್ತದೆ. ಸಿಟ್ಟು ಬಂದವರಿಂದ ಕೆಲಸ ಮಾಡಿಸಿಕೊಳ್ಳುವಾಗ ನಾವು ಮರ್ಯಾದೆಯಿಂದ ಇರಬೇಕು. ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ಅರ್ಧ ಡ್ರೈವರುಗಳು ಎದ್ದು ಪಕ್ಕದ ಗ್ಯಾರೇಜಿಗೆ ಹೋಗಿರುತ್ತಿದ್ದರು.

ಅದು ಅದಿರು ಲಾರಿಗಳ ಕಾಲ. ಘಟ್ಟ ಇಳಿದು ಬಂದರಿಗೆ ಹೋಗುವ ಲಾರಿಗಳು ಹಗಲಿಡೀ ಬಾಳೆಗುಳಿಯ ಕೂಡುರಸ್ತೆಯಲ್ಲಿ ಸಾಲುಗಟ್ಟಿ ನಿಂತಿರುತ್ತಿದ್ದವು. ರಸ್ತೆ ಕೆಂಪು, ಮರ ಕೆಂಪು, ಚಾದಂಗಡಿಯ ಗಾಜಿನ ಭರಣಿ ಕೆಂಪು, ಕಡೆಗೆ ಕಾಗೆಯೂ ಕೆಂಪು! ಅಂಕೋಲೆ ಪೇಟೆಯಲ್ಲಿ ನನ್ನದೊಂದು ಹೊಲಿಗೆ ಅಂಗಡಿ ಇತ್ತು. ಭಾನುವಾರ ಬೊಬ್ರುವಾಡದ ನಮ್ಮ ಮನೆಯಿಂದ ಹೊರಟು ಮಾವನಲ್ಲಿಗೆ ಊಟಕ್ಕೆ ಹೋಗುತ್ತಿದ್ದೆ. ಬಿಳಿ ದುಪಟ್ಟಾ ಹಾಕಿಕೊಂಡು ಹೋದವಳು ಬರುವಾಗ ಕೇಸರಿ ದುಪಟ್ಟಾದಲ್ಲಿ ಬರುತ್ತಿದ್ದೆ. ಈಗ ನೆನೆದರೆ ಆ ದಿನಗಳೆಲ್ಲ ಆ ಧೂಳಿನೊಳಗೇ ತೇಲುತ್ತ ಬರುತ್ತವೆ, ಮಧ್ಯಾಹ್ನದ ಜೊಂಪಿನಲ್ಲಿ ಬಿದ್ದ ಕನಸಿನ ಹಾಗೆ. ಲಾರಿಗಳು ಸದ್ದಿಲ್ಲದೆ ಸರಿಯುತ್ತವೆ, ಧೂಳಿನ ಆಚೆ ಎಲ್ಲೋ ಸಮುದ್ರ ಇದೆ, ಮಾವ ಮಾತ್ರ ಸ್ಪಷ್ಟವಾಗಿ ಕಾಣುತ್ತಾನೆ, ಕೈಯಲ್ಲಿ ಪೊರಕೆ ಹಿಡಿದುಕೊಂಡು.

ಪೊರಕೆಯ ಕತೆ ಹೇಳಲೇಬೇಕು. ಮೈತುಂಬ ಧೂಳು ಹೊತ್ತು ಇಳಿದ ಡ್ರೈವರುಗಳಿಗೆ ಎಲ್ಲ ಗ್ಯಾರೇಜುಗಳಲ್ಲೂ ಒಂದು ಪುಕ್ಕಟೆ ಸೇವೆ ಇತ್ತು. ಗಾಳಿಯ ಪೈಪನ್ನು ಮೈಮೇಲೆ ಹಿಡಿಯುವುದು! ಬುಸ್ಸೆಂದರೆ ಧೂಳೆಲ್ಲ ಹಾರಿ ಮನುಷ್ಯನ ಮೂಲ ಬಣ್ಣ ಕಾಣುತ್ತಿತ್ತು. ಮಾವ ಮಾತ್ರ ಸುತರಾಂ ಒಪ್ಪುತ್ತಿರಲಿಲ್ಲ. ಧೂಳು ಕಣ್ಣಿಗೆ ಹಾರಿದರೆ ಕಣ್ಣು ಹೋಯಿತು. ಮೈಮೇಲೆ ಒಂದು ಗಾಯ ಇದ್ದರೆ ಕತೆಯೇ ಮುಗಿಯಿತು.

"ತಮಾ, ಗಾಳಿ ಚರ್ಮದ ಒಳಗೆ ಹೊಕ್ಕರೆ ವಾಪಸ್ ಬರೂ ದಾರಿ ಅದಕ್ಕೆ ಗೊತ್ತಿಲ್ಲ" ಎನ್ನುತ್ತಿದ್ದ.

ಹಾಗೆಂದು ಗಿರಾಕಿಯನ್ನು ಧೂಳಿನಲ್ಲೇ ಕಳಿಸಲಾಗುತ್ತದೆಯೇ? ಮಾವ ತೆಂಗಿನ ಕಡ್ಡಿಯ ಪೊರಕೆ ತೆಗೆದುಕೊಂಡು ಅವರನ್ನು ಗುಡಿಸತೊಡಗಿದ. ಮೀಸೆ ಹೊತ್ತ ಗಂಡಸನ್ನು ಹಾಡಹಗಲಲ್ಲಿ, ನಾಲ್ಕು ಜನರೆದುರು ಪೊರಕೆಯಿಂದ ಹೊಡೆದರೆ ಏನಾಗಬೇಕೋ ಅದೇ ಆಯಿತು. ಘಟ್ಟದ ಮೇಲಿನ ಒಬ್ಬ ಡ್ರೈವರ್ ಮಾವನ ಅಂಗಿ ಹಿಡಿದೇಬಿಟ್ಟ. ಚಾದಂಗಡಿಯವನು ಓಡಿಬಂದು ಬಿಡಿಸದಿದ್ದರೆ ಮಾವನ ಧೂಳೂ ಅಂದೇ ಹಾರುತ್ತಿತ್ತು.

ಮರುವಾರ ಹೋಗಿ ನೋಡುತ್ತೇನೆ, ಪೊರಕೆಯ ಜಾಗದಲ್ಲಿ ನವಿಲುಗರಿಯ ದೊಡ್ಡ ಕಟ್ಟು! ಯಾವ ಜಾತ್ರೆಯಿಂದ ತಂದನೋ. ಅದರಿಂದ ತಲೆ, ಹೆಗಲು, ಬೆನ್ನು ಮೆಲ್ಲಗೆ ಸವರುತ್ತಿದ್ದ. ಧೂಳು ಹೋಯಿತೋ ಬಿಟ್ಟಿತೋ, ಡ್ರೈವರುಗಳು ಕಣ್ಣು ಮುಚ್ಚಿ ಕೈ ಮುಗಿಯತೊಡಗಿದರು. ಅರಬೈಲು ಘಟ್ಟ ಹತ್ತುವ ಮೊದಲು ಒಮ್ಮೆ ಸವರಿಸಿಕೊಂಡರೆ ಬ್ರೇಕು ಫೇಲಾಗುವುದಿಲ್ಲ ಎಂಬ ಸುದ್ದಿಯೂ ಹಬ್ಬಿತು. ಚಕ್ರದ ಕೆಲಸವೇ ಇಲ್ಲದವರೂ ಲಾರಿ ನಿಲ್ಲಿಸಿ ತಲೆ ಬಗ್ಗಿಸಿ ನಿಂತರು. "ನಿಮ್ಮ ಮಾವ ಇನ್ನು ಕಾವಿ ಹಾಕೂದೊಂದೇ ಬಾಕಿ" ಎಂದು ಚಾದಂಗಡಿಯವನು ನನ್ನ ಹತ್ತಿರ ಅಂದ. ಹಾಕುವುದೇನು ಬಂತು, ಆ ಧೂಳಿನಲ್ಲಿ ಮಾವನ ಅಂಗಿ ಲುಂಗಿ ಎಲ್ಲ ಆಗಲೇ ಕಾವಿಯೇ ಆಗಿತ್ತು.

ಇದಕ್ಕಿಂತ ದೊಡ್ಡ ಹುಚ್ಚು ಅವನ ಕಿವಿಯದ್ದು. ಚಕ್ರದ ನಟ್ಟು ಬಿಚ್ಚುವ ಗಾಳಿಯ ಗನ್ನನ್ನು ನೀವು ನೋಡಿರಬಹುದು. ಅದು ಕಟಕಟಕಟ ಎಂದು ಹೊಡೆದುಕೊಂಡರೆ ಎದೆಗೂಡೇ ನಡುಗುತ್ತದೆ. ಆ ಸಾಲಿನ ಗ್ಯಾರೇಜಿನವರಿಗೆಲ್ಲ ಕಿವಿ ಅಷ್ಟಕ್ಕಷ್ಟೇ. ಅವರು ಹೆಂಡತಿಯ ಹತ್ತಿರ ಗುಟ್ಟು ಹೇಳಿದರೂ ಹೆದ್ದಾರಿಗೆ ಕೇಳುತ್ತಿತ್ತು. ಮಾವ ಎರಡು ತೆಂಗಿನ ಗೆರಟೆ ತಂದು ಹೆರೆದು ನುಣುಪು ಮಾಡಿ, ಸೈಕಲ್ ಟ್ಯೂಬಿನ ಪಟ್ಟಿಯಿಂದ ಜೋಡಿಸಿ, ಒಳಗೆ ಮೆತ್ತೆ ಹೊಲಿದುಕೊಡು ಎಂದು ನನಗೆ ಕೊಟ್ಟ. ನಾನು ಬೂರುಗದ ಹತ್ತಿ ತುಂಬಿ, ಉಳಿದ ರವಿಕೆ ಬಟ್ಟೆಯಿಂದ ಹೊಲಿದೆ. ಗುಲಾಬಿ ಹೂವಿನ ಬಟ್ಟೆ. ಬೇರೆ ಇರಲಿಲ್ಲ, ಏನು ಮಾಡಲಿ? ಅದನ್ನು ಕಿವಿಗೆ ಕಟ್ಟಿಕೊಂಡು, ಕಣ್ಣಿಗೆ ದೊಡ್ಡ ಕನ್ನಡಕ ಏರಿಸಿ ಮಾವ ಗನ್ನು ಎತ್ತಿದ ದಿನ ಹೆದ್ದಾರಿಯ ಬಸ್ಸೊಂದು ನಿಂತು ಜನ ಇಳಿದು ನೋಡಿದರು.

ಆಮೇಲೆ ಕಾರವಾರ ಬಂದರಿನ ಕ್ರೇನಿನವನೊಬ್ಬ ಕನಿಕರಪಟ್ಟು, ಕಂಪನಿಯವರು ಕೊಡುವಂಥ ಅಸಲಿ ಕಿವಿಮುಚ್ಚಿಗೆಯನ್ನು ಮಾವನಿಗೆ ತಂದುಕೊಟ್ಟ. ಸದ್ಯ, ಮಾನ ಉಳಿಯಿತು ಅಂದುಕೊಂಡೆ. ಎಲ್ಲಿಯದು! ಅಸಲಿಯನ್ನು ತಾನು ಹಾಕಿಕೊಂಡು, ಗೆರಟೆಯನ್ನು ಮಾವ ಗಿರಾಕಿಗಳಿಗೆ ಮೀಸಲಿಟ್ಟ. ಗನ್ನು ಹೊಡೆಯುವಾಗ ಹತ್ತಿರ ನಿಲ್ಲಬೇಕೆಂದರೆ ಗೆರಟೆ ಕಟ್ಟಿಕೊಳ್ಳಬೇಕು, ಇಲ್ಲವಾದರೆ ಚಾದಂಗಡಿಯ ಆಚೆ ಹೋಗಿ ನಿಲ್ಲಬೇಕು. ಹಿಂದೆ ಅಂಗಿ ಹಿಡಿದಿದ್ದನಲ್ಲ, ಅದೇ ಡ್ರೈವರ್ ಒಂದು ದಿನ ಗುಲಾಬಿ ಹೂವಿನ ಗೆರಟೆ ಕಟ್ಟಿಕೊಂಡು ಮೀಸೆ ಸವರುತ್ತ ಗಂಭೀರವಾಗಿ ನಿಂತದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಜನ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಆದರೆ ಅವನಿಗೆ ಕಿವಿ ಯಾಕೆ ಬೇಕಿತ್ತು ಎಂಬುದು ನಮ್ಮ ಮನೆಯವರಿಗೆಲ್ಲ ಗೊತ್ತಿತ್ತು.

ಮಾವನದು ಕೋಡಿಬಾಗದ ಮೀನುಗಾರರ ಮನೆ. ಅತ್ತೆಯದೂ ಅದೇ ದಂಡೆ. ಹುಡುಗಿಯಾಗಿದ್ದಾಗ ಅತ್ತೆ ಕಾಳಿ ನದಿಯ ಅಂಚಿನಲ್ಲಿ ಬುಟ್ಟಿ ಇಟ್ಟುಕೊಂಡು ಮೀನು ಮಾರುತ್ತಿದ್ದಳು. "ಬಂಗಡೇ, ತಾಜಾ ಬಂಗಡೇ" ಎಂದು ಕೂಗಿದರೆ ಆಚೆ ದಡದ ಸದಾಶಿವಗಡದವರು ಸಂಚಿ ಹಿಡಿದು ಹೊರಡುತ್ತಿದ್ದರಂತೆ! ಒಂದು ಚಳಿಯ ಬೆಳಗು, ಮಾವನ ದೋಣಿ ಸಮುದ್ರದಿಂದ ಬರುವಾಗ ನದಿಯ ಬಾಯಿ ತುಂಬ ಮಂಜು. ಗುಡ್ಡ ಕಾಣುವುದಿಲ್ಲ, ದಡ ಕಾಣುವುದಿಲ್ಲ, ಹುಟ್ಟು ಹಾಕುವ ತನ್ನ ಕೈಯೇ ಕಾಣುವುದಿಲ್ಲ. ಆಗ ಆ ಬಿಳಿಯೊಳಗಿಂದ ಈ ಕೂಗು ಕೇಳಿತು. ಅದನ್ನೇ ಹಿಡಿದುಕೊಂಡು ದೋಣಿ ತಂದ. ದಡಕ್ಕೆ ತಾಗಿದಾಗ ಎದುರಿಗೇ ಅವಳು. ಏನಾದರೂ ಮಾತಾಡಬೇಕಲ್ಲ, ದೋಣಿ ತುಂಬ ಮೀನು ಇಟ್ಟುಕೊಂಡವನು "ಬಂಗಡೆ ಹ್ಯಾಂಗೆ ಕೊಡ್ತೆ?" ಎಂದು ಕೇಳಿದ.

"ದೋಣಿ ತುಂಬ ಮೀನಿದ್ದವ್ರಿಗೆ ನಾ ಮಾರೂದಿಲ್ಲ" ಅಂದಳಂತೆ ಅತ್ತೆ.

ಈ ಕತೆಯನ್ನು ಮಾವ ಹೇಳುವಾಗೆಲ್ಲ ಮಂಜು ಇನ್ನಷ್ಟು ದಟ್ಟವಾಗುತ್ತಿತ್ತು. ಅಂತೂ ಮದುವೆಯಾಯಿತು, ಮುಂದೆ ದೋಣಿ ಬಿಟ್ಟು ಬಾಳೆಗುಳಿಗೆ ಬಂದು ಗ್ಯಾರೇಜು ಹಾಕಿದ. ಅಲ್ಲಿಗೆ ಬಂದ ಕೆಲವು ವರ್ಷಕ್ಕೆ ಅತ್ತೆಯ ಗಂಟಲಲ್ಲಿ ಗಂಟು ಕಾಣಿಸಿ ಆಪರೇಶನ್ ಆಯಿತು. ಗಂಟು ಹೋಯಿತು, ದನಿಯೂ ಅದರ ಜೊತೆಗೆ ಹೋಯಿತು. ಜೀವ ಉಳಿಯಿತಲ್ಲ ಎಂದು ದೇವರಿಗೆ ಕಾಯಿ ಒಡೆದೆವು. ಆಮೇಲೆ ಅವಳಲ್ಲಿ ಉಳಿದದ್ದು ಬರೀ ಪಿಸುಮಾತು, ಅದೂ ಹತ್ತಿರ ಕಿವಿ ಕೊಟ್ಟರೆ ಮಾತ್ರ. ಊರಿನವರಿಗೆ ಸನ್ನೆಯಲ್ಲಿ ಹೇಳುತ್ತಿದ್ದಳು. ಮಾವನಿಗೆ ಮಾತ್ರ ಗ್ಯಾರೇಜಿನ ಹಿಂದಿನ ಅಡುಗೆಮನೆಯಿಂದಲೇ ಹೇಳುತ್ತಿದ್ದಳು, ಅವನು ಗ್ಯಾರೇಜಿನಿಂದಲೇ ಉತ್ತರ ಕೊಡುತ್ತಿದ್ದ. ನಡುವೆ ಕೂತ ನನಗೆ ಬರೀ ಉತ್ತರಗಳು ಕೇಳುತ್ತಿದ್ದವು. "ಹುಳಿ ಸಾಕು", "ಸಾಬೂನು ನಾಳೆ ತತ್ತೆ", "ಹಾಂ, ಕೂದಲು ಬೆಳ್ಳಗಾದ್ರೆ ಎಂತಾಯ್ತು?"

ಮತ್ತೊಂದು ಹುಚ್ಚು ಹಗ್ಗದ್ದು. ಗಾಳಿಯ ಪೈಪಿಗೆ ಪೈಪು, ಗನ್ನು ಸೇರುವ ಪ್ರತಿಯೊಂದು ಕೂಡುಗಂಟಿನ ಹತ್ತಿರವೂ ಬಲೆಯ ಹಗ್ಗದಿಂದ ದೋಣಿ ಕಟ್ಟುವ ಗಂಟು ಹಾಕಿ, ಕಂಬಕ್ಕೆ ಗಿಡ್ಡವಾಗಿ ಬಿಗಿದಿದ್ದ. ಪೈಪು ಕಳಚಿದರೆ ಅದು ಹಾವಿನ ಹಾಗೆ ಹೆಡೆಯೆತ್ತಿ ಎದುರಿದ್ದವರ ಮುಖಕ್ಕೆ ಬಡಿಯುತ್ತದೆ, ಹಗ್ಗ ಇದ್ದರೆ ಅಲ್ಲೇ ಇರುತ್ತದೆ ಎಂಬುದು ಅವನ ಲೆಕ್ಕ. ಗನ್ನು ಬದಲಾಯಿಸುವ ಮೊದಲು ಟಾಂಕಿಯ ತಿರುಗಣೆ ಮುಚ್ಚಿ, ಪೈಪಿನಲ್ಲಿ ಉಳಿದ ಗಾಳಿಯನ್ನು ಬಿಟ್ಟು, ಅದು ಪೂರ್ತಿ ಸುಮ್ಮನಾದ ಮೇಲೇ ಬಿಚ್ಚುತ್ತಿದ್ದ. "ಹಗ್ಗ ಬಿಚ್ಚೂ ಮೊದಲು ಅದು ಎಂತಾ ಹಿಡ್ಕಂಡದೆ ನೋಡು" ಎಂದು ಅವನಪ್ಪ ದೋಣಿಯ ಮೇಲೆ ಹೇಳುತ್ತಿದ್ದನಂತೆ. ಸಂಜೆಯಾದರೆ ಟಾಂಕಿಯ ಅಡಿಯ ನಲ್ಲಿ ತಿರುಗಿಸಿ, ತುಕ್ಕಿನ ನೀರು ಇಳಿಸಿ, ಇದ್ದ ಗಾಳಿಯನ್ನೆಲ್ಲ ಬಿಟ್ಟುಬಿಡುತ್ತಿದ್ದ. ಅದು ಉದ್ದಕ್ಕೆ ಉಸಿರು ಬಿಟ್ಟು ಕೆಂಪು ಬೆಳಕಿನಲ್ಲಿ ಕಡಲಿನತ್ತ ಹೋಗುತ್ತಿತ್ತು. "ಹೋಗು, ಇವತ್ತಿಗೆ ಸಾಕು" ಎನ್ನುತ್ತಿದ್ದ, ಕೂಲಿಯವರನ್ನು ಮನೆಗೆ ಕಳಿಸಿದ ಹಾಗೆ. ಕರೆಂಟು ಸುಟ್ಟು ತುಂಬಿಸಿದ್ದನ್ನು ಹೀಗೆ ಚೆಲ್ಲುವ ಬದಲು ತನ್ನ ಒಲೆಗಾದರೂ ಊದಬಾರದೇ ಎಂದು ಚಾದಂಗಡಿಯವನು ಗೊಣಗುತ್ತಿದ್ದ.

ಆ ಹಗ್ಗವೇ ಒಂದು ದಿನ ಒಬ್ಬನ ಮುಖ ಉಳಿಸಿತು. ಆಗ ನಾನು ಅಲ್ಲೇ ಇದ್ದೆ. ಗನ್ನಿನ ಕೆಲಸ ಮುಗಿದಿತ್ತು, ಅತ್ತೆ ಚಾ ತಂದಿದ್ದಳು, ಏನೋ ಹೇಳುತ್ತಿದ್ದಳು. ಅವಳ ಮಾತು ಕೇಳಲೆಂದು ಮಾವ ಕಿವಿಮುಚ್ಚಿಗೆ ತೆಗೆದು ಕೊರಳಿಗೆ ಇಳಿಸಿದ. ಅಷ್ಟರಲ್ಲಿ ಹೊಸ ಡ್ರೈವರೊಬ್ಬ, ಲೋಡಿನ ಅವಸರದಲ್ಲಿ, ಚಕ್ರಕ್ಕೆ ತಾನೇ ಗಾಳಿ ತುಂಬಿಕೊಳ್ಳುತ್ತೇನೆಂದು ತಿರುಗಣೆ ಮುಚ್ಚದೆಯೇ, ಗನ್ನು ಕಳಚಲು ಪೈಪಿನ ಕೂಡುಗಂಟು ಬಿಚ್ಚತೊಡಗಿದ. ಮಾವ ನೋಡಿದವನೇ ಅತ್ತೆಯನ್ನು ಹಿಂದಕ್ಕೆ ತಳ್ಳಿದ. ಢಂ! ಪೈಪು ಚಿಮ್ಮಿತು, ಹಗ್ಗ ಎಳೆದು ಹಿಡಿಯಿತು. ಡ್ರೈವರಿಗೆ ಒಂದು ಗೀರೂ ಇಲ್ಲ. ಆದರೆ ಪೈಪಿನ ಬಾಯಿ ಇದ್ದದ್ದು ಮಾವನ ತಲೆಯ ಪಕ್ಕ.

ಕಿವಿಯ ತಮಟೆ ಹರಿದಿಲ್ಲ, ಒಳಗೆ ಪೆಟ್ಟಾಗಿದೆ, ಸದ್ದಿನಿಂದ ದೂರ ಇರಲಿ, ಬಂದರೂ ಬರಬಹುದು, ಬರದೆಯೂ ಇರಬಹುದು ಎಂದರು ಕಾರವಾರದ ಡಾಕ್ಟರು. ಲಾರಿಯ ಹಾರ್ನು ಮಾವನಿಗೆ ಕೇಳುತ್ತಿತ್ತು. ನಾನು ಗಟ್ಟಿಯಾಗಿ ಹೇಳಿದ್ದು ಕೇಳುತ್ತಿತ್ತು. ಇಷ್ಟು ದೊಡ್ಡ ಲೋಕದಲ್ಲಿ ಅವನಿಗೆ ಕೇಳದೆ ಹೋದದ್ದು ಒಂದೇ, ಅತ್ತೆಯ ಮಾತು.

ಅವನು ಅದನ್ನು ಒಪ್ಪಿಕೊಳ್ಳಲಿಲ್ಲ. ಅವಳ ತುಟಿ ಅಲ್ಲಾಡಿದಾಗೆಲ್ಲ ಹೂಂ ಎಂದು ತಲೆ ಆಡಿಸುತ್ತಿದ್ದ. ಅನ್ನ ಹಾಕಲಾ ಎಂದರೆ ಹೂಂ, ಸಾಕಾ ಎಂದರೆ ಹೂಂ. ತಟ್ಟೆಯಲ್ಲಿ ಅನ್ನದ ಗುಡ್ಡವೇ ಆಗುತ್ತಿತ್ತು, ಪಾಪ, ಅಷ್ಟನ್ನೂ ತಿನ್ನುತ್ತಿದ್ದ! ಒಂದು ದಿನ ನನ್ನೆದುರಿಗೇ ಅತ್ತೆ ಅವನ ಹತ್ತಿರ ಕೂತು, ತಲೆ ತಗ್ಗಿಸಿಕೊಂಡು, ಇನ್ನು ತಾನು ತವರಿಗೆ ಹೋಗುತ್ತೇನೆ, ತಿರುಗಿ ಬರುವುದೇ ಇಲ್ಲ ಅಂದಳು. ಮಾವ ನಗುತ್ತ ಹೂಂ ಅಂದ. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು ಸಾರು ಬಡಿಸಿದಳು.

ಕಡೆಗೆ ಕಂಪ್ರೆಸರಿನ ಗಾಳಿ ಬಿಟ್ಟು, ಬಾಗಿಲು ಹಾಕಿ, ಇಬ್ಬರೂ ಕೋಡಿಬಾಗದ ಹಳೆ ಮನೆಗೆ ಹೋದರು. ಅಲ್ಲಿ ಲಾರಿಯಿಲ್ಲ, ಗನ್ನಿಲ್ಲ, ನದಿಯ ಸದ್ದು ಮಾತ್ರ. ಒಂದು ಶನಿವಾರ ಹೋಗಿ ನಾನೂ ಉಳಿದೆ. ಬೆಳಗ್ಗೆ ಎದ್ದರೆ ಹೊರಗೆ ನದಿಯೇ ಇಲ್ಲ! ಅಂಗಳದ ತುದಿಯಿಂದ ಆಚೆಗೆ ಬರೀ ಮಂಜು, ಅದರೊಳಗೆ ನಮಗೆ ಬೆನ್ನು ಹಾಕಿ ನಿಂತ ಮಾವ, ಅರ್ಧ ಇದ್ದ ಹಾಗೆ, ಅರ್ಧ ಕರಗಿದ ಹಾಗೆ. ಅತ್ತೆ ನನ್ನ ಕಿವಿಯ ಹತ್ತಿರ ಬಂದು, ದಿನಾ ಬೆಳಗ್ಗೆ ಹಿಂದಿನಿಂದ ಒಮ್ಮೆ ಕರೆದು ನೋಡುತ್ತೇನೆ, ತಿರುಗುವುದಿಲ್ಲ ಅಂದಳು. ನಾನು ಅವಳ ಕೈ ಹಿಡಿದುಕೊಂಡೆ.

ಅವತ್ತೂ ಕರೆದಳು. ಉಸಿರೆಲ್ಲ ಒಟ್ಟುಮಾಡಿ, ಇಲ್ಲದ ದನಿಯಲ್ಲಿ ಕೂಗಿದಳು. "ಬಂಗಡೇ, ತಾಜಾ ಬಂಗಡೇ." ಪಕ್ಕದಲ್ಲಿ ನಿಂತ ನನಗೇ ಅದು ಅರ್ಧ ಕೇಳಿತು. ಮಾವ ತಿರುಗಲಿಲ್ಲ. ಅತ್ತೆ ಸ್ವಲ್ಪ ಹೊತ್ತು ಕಾದು, ನನ್ನ ಕೈ ಬಿಡಿಸಿಕೊಂಡು ಒಳಗೆ ಹೊರಟಳು.

"ಬಂಗಡೆ ಹ್ಯಾಂಗೆ ಕೊಡ್ತೆ?" ಎಂದು ಮಾವ ಮಂಜಿನೊಳಗಿಂದ ಕೇಳಿದ.

ಅತ್ತೆ ಹೊಸ್ತಿಲಲ್ಲೇ ನಿಂತಳು. ಸೆರಗು ಬಾಯಿಗೆ ಒತ್ತಿಕೊಂಡಳು, ಆಮೇಲೆ ತೆಗೆದು ಏನೋ ಹೇಳಿದಳು. ನನಗೆ ಒಂದು ಅಕ್ಷರವೂ ಕೇಳಲಿಲ್ಲ. ದಂಡೆಯಲ್ಲಿ ನಿಂತಿದ್ದ ಮಾವ ಜೋರಾಗಿ ನಕ್ಕುಬಿಟ್ಟ.